ನೆಲಮಾಳಿಗೆಯ ನೀರು: ತಡೆಯಬೇಕೋ, ದಾರಿ ಬಿಡಬೇಕೋ?

ಬೆಳಗಾವಿಯಲ್ಲಿ ನೆಲಮಾಳಿಗೆಯನ್ನು ಓದುವ ಕೋಣೆಯಾಗಿಯೋ, ಹೊಲಿಗೆ ಘಟಕವಾಗಿಯೋ, ಅಂಗಡಿಯ ಗೋದಾಮಾಗಿಯೋ ಮಾರ್ಪಡಿಸಲು ಹೊರಟವರು ಮೊದಲು ಬಡಗಿಯನ್ನು ಕರೆಯುತ್ತಾರೆ, ಆಮೇಲೆ ಬಣ್ಣದವರನ್ನು. ಪುಷ್ಯ ಮಳೆ ಹಿಡಿದು ಗೋಡೆಯ ಬುಡದಲ್ಲಿ ತೇವದ ಪಟ್ಟೆ ಎದ್ದಾಗ ಮಾತ್ರ ವಾಟರ್‌ಪ್ರೂಫಿಂಗ್‌ನವರ ನೆನಪಾಗುತ್ತದೆ. ಈ ಸರದಿಯೇ ತಲೆಕೆಳಗು. ಪ್ಲೈವುಡ್ ಕಪಾಟು, ಟೈಲ್ಸ್, ಫಾಲ್ಸ್ ಸೀಲಿಂಗ್ ಎಲ್ಲ ಕೂತ ಮೇಲೆ ಸೋರುವ ಜಾಗಕ್ಕೆ ಕೈ ತಲುಪಬೇಕಾದರೆ ಹೊಸದಾಗಿ ಕೂರಿಸಿದ್ದನ್ನೆಲ್ಲ ಕೀಳಬೇಕಾಗುತ್ತದೆ.

ಎರಡನೆಯ ತೊಡಕು ಪ್ರಶ್ನೆಯದು. ಯಾವ ಕೆಮಿಕಲ್ ಒಳ್ಳೆಯದು ಎಂದು ಕೇಳಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಉತ್ತರ ಒಂದು ಡಬ್ಬಿಯ ರೂಪದಲ್ಲಿಯೇ ಬರುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾದ ಆಯ್ಕೆ ಎರಡೇ: ನೀರನ್ನು ಗೋಡೆಯಲ್ಲಿ ತಡೆದು ನಿಲ್ಲಿಸುವುದು, ಇಲ್ಲವೇ ಬರುವ ನೀರಿಗೆ ದಾರಿ ಮಾಡಿ ಹೊರಗೆ ಸಾಗಿಸುವುದು. ಲೇಪನ, ಹಾಳೆ, ಇಂಜೆಕ್ಷನ್, ಪಂಪು ಎಲ್ಲವೂ ಈ ಎರಡರ ಕವಲುಗಳು. ನಿಮಗೆ ಯಾವುದು ಎಂಬುದನ್ನು ನೀರಿನ ಮೂಲ, ಗೋಡೆಯ ಜಾತಿ, ಸುತ್ತಲಿನ ಮಣ್ಣು ಈ ಮೂರು ಸೇರಿ ತೀರ್ಮಾನಿಸುತ್ತವೆ. ಅಂಗಡಿಯವರಿಗೆ ಈ ಮೂರರಲ್ಲಿ ಒಂದೂ ಗೊತ್ತಿರುವುದಿಲ್ಲ.

ನೀರು ಎಲ್ಲಿಂದ ಬರುತ್ತಿದೆ

ತೇವ ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ರೋಗ ಪತ್ತೆಯಾದಂತೆ. ಜೋರು ಮಳೆ ಬಿದ್ದ ಒಂದೆರಡು ತಾಸಿನಲ್ಲಿಯೇ ಗೋಡೆ ಒದ್ದೆಯಾಗಿ, ಮಳೆ ನಿಂತ ಮೇಲೆ ಬೇಗ ಒಣಗಿದರೆ ಅದು ಮೇಲ್ಮೈಯ ನೀರು: ಛಾವಣಿಯ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿರಬಹುದು, ಅಂಗಳದ ಇಳಿಜಾರು ಮನೆಯ ಕಡೆಗೇ ಇರಬಹುದು. ಮಳೆ ಶುರುವಾಗಿ ಹಲವು ದಿನಗಳಾದ ಮೇಲೆ ನಿಧಾನವಾಗಿ ಬಂದು, ಮಳೆ ಬಿಟ್ಟರೂ ವಾರಗಟ್ಟಲೆ ಹೋಗದಿದ್ದರೆ ಅದು ಅಂತರ್ಜಲ. ಬೇಸಿಗೆಯಲ್ಲಿಯೂ ಒಂದೇ ಮೂಲೆ ಒದ್ದೆಯಾಗಿದ್ದರೆ ಸಂಪು, ಶೌಚಾಲಯದ ಪೈಪು, ಒಳಚರಂಡಿಯ ಜೋಡಣೆ ಇವುಗಳ ಮೇಲೆ ಗುಮಾನಿ ಇಡಬೇಕು. ಸಂಪಿನ ಪರೀಕ್ಷೆಗೆ ಖರ್ಚಿಲ್ಲ. ತುಂಬಿಸಿ, ಒಳಬರುವ ಮತ್ತು ಹೊರಹೋಗುವ ವಾಲ್ವ್ ಮುಚ್ಚಿ, ಮಟ್ಟಕ್ಕೆ ಗುರುತು ಹಾಕಿ, ಮರುದಿನ ಅದೇ ಹೊತ್ತಿಗೆ ನೋಡಿದರೆ ಸಾಕು.

ನಾಲ್ಕನೆಯ ಮೂಲ ಗಾಳಿ. ಇದನ್ನು ಮರೆತೇ ಬಹಳಷ್ಟು ಹಣ ಪೋಲಾಗುತ್ತದೆ. ಮಣ್ಣಿಗೆ ಆತುಕೊಂಡ ಗೋಡೆ ತಂಪಾಗಿರುತ್ತದೆ, ಬೆಳಗಾವಿಯ ಮಳೆಗಾಲದ ಗಾಳಿ ತೇವ ಹೊತ್ತು ತರುತ್ತದೆ, ಎರಡೂ ಸೇರಿದಲ್ಲಿ ಗೋಡೆ ಬೆವರುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಒಣಬಟ್ಟೆಯಿಂದ ಒರೆಸಿದ ಗೋಡೆಗೆ ನಾಲ್ಕೂ ಅಂಚು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಿ. ಹನಿಗಳು ಹಾಳೆಯ ಹಿಂಬದಿಯಲ್ಲಿದ್ದರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮುಖದಲ್ಲಿದ್ದರೆ ಗಾಳಿಯದು. ಆಗ ಬೇಕಾದುದು ಎಕ್ಸಾಸ್ಟ್ ಫ್ಯಾನ್, ಬೆಳಕಿಂಡಿ, ತೀರಾ ಬೇಕಾದರೆ ತೇವ ಹೀರುವ ಯಂತ್ರ. ಅಂಥ ಗೋಡೆಗೆ ಎಷ್ಟು ಕೋಟ್ ಲೇಪನ ಬಳಿದರೂ ಬೆವರು ನಿಲ್ಲುವುದಿಲ್ಲ.

ಹಳೆಯ ಬೆಳಗಾವಿಯ ಮನೆಗಳಿಗೆ ಇನ್ನೊಂದು ಅನುಕೂಲವಿದೆ: ಹಿತ್ತಲ ಬಾವಿ. ಈ ಊರು ಬಾವಿಗಳ ಊರು. 1924ರ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರ ನೀರಿಗಾಗಿ ತೋಡಿದ ಬಾವಿ ಇಂದಿಗೂ ಟಿಳಕವಾಡಿಯಲ್ಲಿದೆ, ಕಾಂಗ್ರೆಸ್ ಬಾವಿ ಎಂದೇ ಅದರ ಹೆಸರು. ನಿಮ್ಮ ಹಿತ್ತಲಿನಲ್ಲಿಯೋ ಪಕ್ಕದ ಮನೆಯಲ್ಲಿಯೋ ಬಾವಿಯಿದ್ದರೆ ಆಷಾಢ, ಶ್ರಾವಣಗಳಲ್ಲಿ ಅದರ ನೀರಿನ ಮಟ್ಟವನ್ನು ಹಗ್ಗ ಇಳಿಸಿ ಅಳೆಯಿರಿ. ಆ ಮಟ್ಟ ನೆಲಮಾಳಿಗೆಯ ನೆಲಕ್ಕಿಂತ ಮೇಲಿದ್ದರೆ ನಿಮ್ಮ ಕೋಣೆ ಕೆಲವು ತಿಂಗಳು ನೀರಿನೊಳಗೇ ಕೂತಿದೆ ಎಂದರ್ಥ. ಈ ಒಂದು ಅಳತೆ ಮುಂದಿನ ಆಯ್ಕೆಗಳಲ್ಲಿ ಅರ್ಧದಷ್ಟನ್ನು ತಾನೇ ತಳ್ಳಿಹಾಕುತ್ತದೆ.

ಮೂರು ಜಿಲ್ಲೆ, ಮೂರು ಬಗೆಯ ತೇವ

ಬೆಳಗಾವಿ ನಗರಕ್ಕೆ ವರ್ಷಕ್ಕೆ ಸುಮಾರು 1,200ರಿಂದ 1,300 ಮಿಲಿಮೀಟರ್ ಮಳೆ, ಅದರಲ್ಲಿ ಜುಲೈ ತಿಂಗಳದೇ ಸಿಂಹಪಾಲು. ಜಂಬಿಟ್ಟಿಗೆ ನೆಲ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಡುತ್ತದೆ. ಹೀಗಾಗಿ ಅಲ್ಲಿ ನೀರಿಗೆ ದಾರಿ ಮಾಡಿಕೊಡುವುದು ಸುಲಭ. ಶಹಾಪುರ, ವಡಗಾವಿಯಿಂದ ಬಳ್ಳಾರಿ ನಾಲೆಯ ಕಡೆಗೆ ಇಳಿದಂತೆ ನೆಲ ತಗ್ಗು, ಮಣ್ಣು ಎರೆ. 2019ರ ಆಗಸ್ಟಿನಲ್ಲಿ ಆ ಭಾಗದ ಮನೆಗಳಿಗೆ ನೀರು ನುಗ್ಗಿದ್ದು ಅಲ್ಲಿಯ ನೇಕಾರರಿಗೆ ಚೆನ್ನಾಗಿ ನೆನಪಿದೆ. ಹೊಸ್ತಿಲ ಮೇಲಿನಿಂದ ಒಳಗೆ ಬರುವ ಅಂಥ ನೀರಿಗೆ ಈ ಲೇಖನದ ಯಾವ ವಿಧಾನವೂ ಔಷಧವಲ್ಲ. ಆ ಓಣಿಗಳಲ್ಲಿ ನೆಲಮಾಳಿಗೆಗೆ ಹಣ ಹಾಕುವ ವಿಚಾರವನ್ನೇ ಕೈಬಿಡುವುದು ವಾಸಿ ಎನ್ನುತ್ತೇನೆ.

ವಿಜಯಪುರದಲ್ಲಿ ಮಳೆ ಬೆಳಗಾವಿಯ ಅರ್ಧದಷ್ಟು, ಅದೂ ಉತ್ತರಾ, ಹಸ್ತ ಮಳೆಗಳ ಕಾಲಕ್ಕೆ, ಸೆಪ್ಟೆಂಬರಿನಲ್ಲಿ ಹೆಚ್ಚು. ಜೋಳವನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದ ಸೀಮೆ ಇದು. ಒಣ ಗಟ್ಟಿ ನೆಲ ಆರಿಸಿಕೊಂಡರೆ ಭೂಮಿಯೊಳಗೆ ಧಾನ್ಯವೇ ಕೆಡುವುದಿಲ್ಲ ಎಂಬುದು ಹಿರಿಯರಿಗೆ ಗೊತ್ತಿತ್ತು. ಆದರೆ ಇಲ್ಲಿಯ ಎರೆ ಮಣ್ಣಿನ ಗುಣ ಬೇರೆಯೇ ಕಾಟ ಕೊಡುತ್ತದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರೊಂದಿಗೆ ಗೋಡೆಯೂ ವರ್ಷಕ್ಕೊಮ್ಮೆ ಸಣ್ಣಗೆ ಅಲುಗುತ್ತದೆ. ಗಡುಸಾದ ಸಿಮೆಂಟ್ ಲೇಪನ ಈ ಅಲುಗಾಟಕ್ಕೆ ಕೂದಲೆಳೆಯಂತೆ ಸೀಳುತ್ತದೆ. ಬಾಗಲಕೋಟೆಯಲ್ಲಿ ನವನಗರ ಎತ್ತರದಲ್ಲಿದೆ, ಅಲ್ಲಿ ದೊಡ್ಡ ಚಿಂತೆಯಿಲ್ಲ. ಹಳೆ ಊರಿನ ಹಿನ್ನೀರಿನ ಅಂಚಿನಲ್ಲಿರುವವರು ಮಾತ್ರ ಮಳೆಯನ್ನಲ್ಲ, ಆಲಮಟ್ಟಿಯ ಮಟ್ಟವನ್ನು ನೋಡಬೇಕು. ಜಲಾಶಯ 519.60 ಮೀಟರಿಗೆ ತುಂಬಿ ನಿಂತ ತಿಂಗಳುಗಳಲ್ಲಿ, ಆಕಾಶ ನಿಚ್ಚಳವಾಗಿದ್ದರೂ, ಅಂಚಿನ ನೆಲದಡಿಯ ನೀರು ಮೇಲೇರಿರುತ್ತದೆ.

ಅಂಗಳದ ಕೆಲಸ: ಅಗ್ಗವಾದದ್ದು, ಮೊದಲು ಮಾಡಬೇಕಾದದ್ದು

ಛಾವಣಿಯ ನೀರಿನ ಪೈಪುಗಳನ್ನು ಗೋಡೆಯಿಂದ ಹತ್ತು ಅಡಿಯಾದರೂ ಆಚೆ ಬಿಡಿ. ಮನೆಯ ಸುತ್ತ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿಯನ್ನು ಹೊರಮುಖ ಇಳಿಜಾರಿನಲ್ಲಿ ಹಾಕಿಸಿ, ಗೋಡೆ ಮತ್ತು ಪಟ್ಟಿ ಸೇರುವಲ್ಲಿ ಹಿಗ್ಗುವ ಸೀಲಂಟ್ ತುಂಬಿಸಿ. ಗೋಡೆಗೆ ಆತುಕೊಂಡಿರುವ ಹೂವಿನ ಕಟ್ಟೆಯನ್ನು ತೆಗೆಸಿ, ಮನೆಯವರು ಎಷ್ಟೇ ಮುನಿಸಿಕೊಂಡರೂ ಸರಿ. ಮಳೆನೀರು ಇಂಗುಗುಂಡಿ ಇದ್ದರೆ ಅದು ಎಲ್ಲಿದೆ ನೋಡಿ: ಪುಣ್ಯದ ಕೆಲಸವೇ, ಆದರೆ ನೆಲಮಾಳಿಗೆಯ ಗೋಡೆಯ ಪಕ್ಕದಲ್ಲಿಯೇ ತೋಡಿದ್ದರೆ ಛಾವಣಿಯ ನೀರನ್ನೆಲ್ಲ ಸೋಸಿ ನಿಮ್ಮ ಕೋಣೆಗೆ ಕಳಿಸುತ್ತಿರುತ್ತದೆ. ಅದು ಇಳಿಜಾರಿನ ಕೆಳಬದಿಗೆ, ದೂರಕ್ಕೆ ಹೋಗಬೇಕು.

ಮೇಲ್ಮೈ ನೀರಿನ ತೊಂದರೆಯಾಗಿದ್ದರೆ ಕಥೆ ಇಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು. ವಿಜಯಪುರದಂಥ ಊರಿನಲ್ಲಿ ನಾನು ಇದರ ಆಚೆ ಹೋಗುವ ಮೊದಲು ಒಂದು ಮಳೆಗಾಲ ಕಾದು ನೋಡು ಎಂದೇ ಹೇಳುತ್ತೇನೆ.

ಒಳಗಿನಿಂದ ಬಳಿಯುವ ಲೇಪನಗಳು

ಎಲ್ಲರೂ ಮೊದಲು ಕೈಹಾಕುವುದು ಇಲ್ಲಿಗೆ. ಕಾರಣ ಸರಳ: ಅಗೆತವಿಲ್ಲ, ನಾಲ್ಕೈದು ದಿನಗಳಲ್ಲಿ ಮುಗಿಯುತ್ತದೆ.

ಇವುಗಳಲ್ಲಿ ತೀರಾ ಅಗ್ಗದ್ದು ಸಿಮೆಂಟಿಗೆ ದ್ರವ ಬೆರೆಸಿ ಮಾಡುವ ಗಿಲಾವು. ಆ ದ್ರವಕ್ಕೆ ಐಎಸ್ 2645 ಎಂಬ ಮಾನಕವಿದೆ, ಡಬ್ಬಿಯ ಮೇಲೆ ಆ ಸಂಖ್ಯೆ ಇರಲಿ. ಗಿಲಾವಿನಲ್ಲಿ ನೀರು ನುಸುಳುವುದನ್ನು ಇದು ಕಡಿಮೆ ಮಾಡುತ್ತದೆ, ಹಿಂದಿನಿಂದ ತಳ್ಳುವ ನೀರನ್ನು ತಡೆಯುವ ತಾಕತ್ತು ಇದಕ್ಕಿಲ್ಲ. ಅಕ್ರಿಲಿಕ್ ಬೆರೆತ ಎರಡು ಭಾಗದ ಲೇಪನಗಳು ಸ್ವಲ್ಪ ಬಾಗುತ್ತವೆ, ಸಣ್ಣ ಬಿರುಕನ್ನು ತಾಳಿಕೊಳ್ಳುತ್ತವೆ. ಆದರೆ ಅವು ಹೊರಮುಖಕ್ಕೆ, ಅಂದರೆ ನೀರು ಲೇಪನವನ್ನು ಗೋಡೆಗೆ ಒತ್ತುವ ಕಡೆಗೆ ಚೆನ್ನ. ಒಳಗಿನಿಂದ ಬಳಿದರೆ ನೀರು ಅದನ್ನು ಗೋಡೆಯಿಂದ ಬಿಡಿಸುವ ದಿಕ್ಕಿನಲ್ಲಿಯೇ ತಳ್ಳುತ್ತದೆ. ಗುಳ್ಳೆ ಏಳುವುದು ಹೀಗೆ.

ಮೂರನೆಯದು ಸ್ಫಟಿಕ ಬಗೆಯ ಲೇಪನ. ಇದರ ರಾಸಾಯನಿಕಗಳು ಒದ್ದೆ ಕಾಂಕ್ರೀಟಿನೊಳಗೆ ಇಳಿದು, ಅಲ್ಲಿಯ ಸಿಮೆಂಟಿನ ಸುಣ್ಣದೊಂದಿಗೆ ಸೇರಿ ಹರಳುಗಟ್ಟಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತವೆ. ಒಳಬದಿಯಿಂದ ಬಳಿದರೂ ಕೆಲಸ ಮಾಡುವುದು ಇದರ ಹಿರಿಮೆ. ಗೋಡೆ ಒದ್ದೆಯಾಗಿರಬೇಕು, ಹಳೆಯ ಬಣ್ಣ, ಪುಟ್ಟಿ ಪೂರ್ತಿ ಕೆರೆದು ಹೋಗಿರಬೇಕು, ಬಳಿದ ಮೇಲೆ ಎರಡು ಮೂರು ದಿನ ನೀರು ಸಿಂಪಡಿಸುತ್ತಿರಬೇಕು. ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಗೋಡೆಯ ನೆಲಮಾಳಿಗೆಗೆ, ಅಂದರೆ ಈಚಿನ ಅಪಾರ್ಟ್‌ಮೆಂಟ್, ವಾಣಿಜ್ಯ ಕಟ್ಟಡಗಳಿಗೆ, ಒಳಗಿನ ಲೇಪನಗಳಲ್ಲಿ ನನ್ನ ಆಯ್ಕೆ ಇದೇ.

ಆದರೆ ಹಳೆಯ ಮನೆಗಳ ಗೋಡೆ ಆರ್‌ಸಿಸಿ ಅಲ್ಲ. ಕರಿಕಲ್ಲು ಅಥವಾ ಜಂಬಿಟ್ಟಿಗೆ, ನಡುವೆ ಸುಣ್ಣದ ಗಾರೆ, ಕೆಲವೆಡೆ ಬರೀ ಮಣ್ಣು. ಕಲ್ಲಿನಲ್ಲಿ ಸಿಮೆಂಟಿಲ್ಲ, ಹರಳುಗಟ್ಟಲು ಏನೂ ಇಲ್ಲ. ಅಂಥ ಗೋಡೆಯ ಮೇಲೆ ಸ್ಫಟಿಕ ಲೇಪನ ಮಾರುವವರು ಒಂದೋ ಗೋಡೆಯನ್ನು ನೋಡಿಲ್ಲ, ಇಲ್ಲವೇ ನೋಡಿಯೂ ಸುಮ್ಮನಿದ್ದಾರೆ. ಗಟ್ಟಿ ಸಿಮೆಂಟ್ ಗಿಲಾವು ಬಳಿದರೆ ಗೋಡೆಯೊಳಗಿನ ತೇವಕ್ಕೆ ಆರುವ ದಾರಿ ಮುಚ್ಚುತ್ತದೆ. ಅದು ಮೇಲೇರುತ್ತದೆ, ನೆಲಮಾಳಿಗೆಯ ತೇವ ಮುಂದಿನ ವರ್ಷ ಪಡಸಾಲೆಯ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಳಿ ಉಪ್ಪಿನ ಪುಡಿ ಉದುರುವ ಗೋಡೆಯನ್ನು ಕಂಡಾಗಲೆಲ್ಲ ಇದನ್ನು ನೆನಪಿಡಬೇಕು. ಇಲ್ಲಿ ಸುಣ್ಣದ ಗಿಲಾವೇ ಸರಿ, ಅದಕ್ಕೆ ಉಸಿರಾಟವಿದೆ. ಅದು ನೀರು ತಡೆಯುವುದಿಲ್ಲ ನಿಜ. ತಡೆಯುವ ಕೆಲಸವನ್ನು ಬೇರೆಯದಕ್ಕೆ ವಹಿಸಬೇಕು.

ಇಂಜೆಕ್ಷನ್

ನೀರು ಒಂದು ಬಿರುಕಿನಿಂದಲೋ, ಪೈಪು ಗೋಡೆ ತೂರಿದ ಜಾಗದಿಂದಲೋ, ನೆಲ ಮತ್ತು ಗೋಡೆಯ ಕಾಂಕ್ರೀಟ್ ಬೇರೆ ಬೇರೆ ದಿನ ಸುರಿದ ಸಂದಿನಿಂದಲೋ ಬರುತ್ತಿದ್ದರೆ ಗೋಡೆಗೆಲ್ಲ ಬಳಿಯುವುದು ದಂಡ. ಬಿರುಕಿನ ಅಕ್ಕಪಕ್ಕದಿಂದ ಓರೆಯಾಗಿ ತೂತು ಕೊರೆದು, ಬಿರುಕನ್ನು ಗೋಡೆಯ ನಡುವೆ ಸಂಧಿಸಿ, ಪಾಲಿಯುರಥೇನ್ ಪಂಪು ಮಾಡುತ್ತಾರೆ. ನೀರು ತಾಗಿದೊಡನೆ ಅದು ನೊರೆಯಾಗಿ ಉಬ್ಬಿ ಸಂದು ತುಂಬುತ್ತದೆ. ಹರಿಯುತ್ತಿರುವ ನೀರನ್ನೂ ನಿಲ್ಲಿಸಬಲ್ಲ ವಿಧಾನ ಇದು. ಎಪಾಕ್ಸಿ ಬೇರೆಯ ಮದ್ದು, ಒಣ ಬಿರುಕನ್ನು ಬೆಸೆದು ಗೋಡೆಗೆ ಬಲ ಕೊಡಲು. ಕಲ್ಲಿನ ಗೋಡೆಗೆ ಎರಡೂ ಸಲ್ಲ: ಒಳಗಿನ ಪೊಳ್ಳುಗಳಿಗೆ ಎಷ್ಟು ಸುರಿದರೂ ಸಾಲದು, ಬಿಲ್ಲು ಕಿಲೋ ಲೆಕ್ಕದಲ್ಲಿ ಬೆಳೆಯುತ್ತದೆ.

ಹೊರಗಿನಿಂದ ಅಗೆದು ಹಾಳೆ ಸುತ್ತುವುದು

ಪಠ್ಯಪುಸ್ತಕದ ಉತ್ತರ ಇದು, ಜಾಗ ಇದ್ದವರಿಗೆ ಉತ್ತಮ ಉತ್ತರವೂ ಹೌದು. ಅಡಿಪಾಯದ ಮಟ್ಟದವರೆಗೆ ಗೋಡೆಯ ಹೊರಗೆ ಅಗೆದು, ಗೋಡೆ ಸಮಗೊಳಿಸಿ, ಬುಡದ ಮೂಲೆಗೆ ಗಾರೆಯಿಂದ ಗುಂಡಗಿನ ಅಂಚು (ಗೋಳಾ) ಕಟ್ಟಿ, ಪ್ರೈಮರ್ ಹಚ್ಚಿ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಡಾಂಬರು ಹಾಳೆಯನ್ನು ಬೆಂಕಿಯಿಂದ ಕಾಯಿಸಿ ಅಂಟಿಸುತ್ತಾರೆ. ಹಾಳೆಯ ಮೇಲೆ ಹಾಳೆ ಹತ್ತು ಸೆಂಟಿಮೀಟರ್ ಏರಬೇಕು. ಮುಚ್ಚುವ ಮೊದಲು ರಕ್ಷಣೆಯ ಬೋರ್ಡ್ ಬೇಕೇ ಬೇಕು, ಇಲ್ಲವಾದರೆ ಮಣ್ಣಿನೊಂದಿಗೆ ಬಿದ್ದ ಒಂದು ಚೂಪು ಕಲ್ಲು ಇಡೀ ಖರ್ಚನ್ನು ನೀರುಪಾಲು ಮಾಡುತ್ತದೆ. ಅಗೆದ ಎರೆ ಮಣ್ಣನ್ನೇ ಮತ್ತೆ ತುಂಬಬೇಡಿ, ಗರಸು ತರಿಸಿ.

ಅಗೆದ ಮೇಲೆ ಬುಡದಲ್ಲಿ ಒಂದು ತೂತಿನ ಪೈಪು ಹಾಕದೆ ಬಿಡುವುದು ಮೂರ್ಖತನ. ಸುತ್ತ ಜಲ್ಲಿ, ಅದರ ಸುತ್ತ ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ನೂರು ಅಡಿಗೆ ಒಂದು ಅಡಿ ಇಳಿಜಾರು. ನಿವೇಶನ ಇಳಿಜಾರಿನಲ್ಲಿದ್ದು ಪೈಪಿನ ತುದಿಯನ್ನು ಕೆಳಗಿನ ಮಟ್ಟದಲ್ಲಿ ಬಯಲಿಗೆ ಬಿಡಲು ಸಾಧ್ಯವಾದರೆ ಪಂಪೇ ಬೇಡ. ಏರುತಗ್ಗಿನ ಬೆಳಗಾವಿಯಲ್ಲಿ ಈ ಭಾಗ್ಯ ಹಲವರಿಗಿದೆ, ಬಳಸಿಕೊಳ್ಳುವವರು ಕಡಿಮೆ.

ಅಡ್ಡಿಗಳೂ ದೊಡ್ಡವು. ಶಹಾಪುರ, ಖಡೇಬಜಾರ್‌ನಂಥ ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದೆ, ಅಗೆಯಲು ಜಾಗವೇ ಇಲ್ಲ. ಹಳೆಯ ಕಲ್ಲಿನ ಗೋಡೆಯ ಅಡಿಪಾಯಕ್ಕಿಂತ ಕೆಳಗೆ ಅಗೆದರೆ ಗೋಡೆಯೇ ಜಾರುತ್ತದೆ. ನಾಲ್ಕೈದು ಅಡಿ ಉದ್ದದ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ, ಆನಿಕೆ ಕೊಟ್ಟು ಅಗೆಯಬೇಕು. ಎರೆ ನೆಲದಲ್ಲಿ ಆಳದ ಕಂದಕ ಕುಸಿದು ಕೂಲಿಯವರ ಜೀವಕ್ಕೆ ಕುತ್ತು ಬರಬಹುದು. ಜೆಸಿಬಿ ತಂದು ಒಂದೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರನ್ನು ಗೇಟಿನಿಂದಲೇ ಕಳಿಸಿಬಿಡಿ. ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಈ ಕೆಲಸ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ.

ಹೊಸದಾಗಿ ಕಟ್ಟುವವರಿಗೆ ಮಾತ್ರ ಒದಗುವ ಇನ್ನೊಂದು ವಿಧಾನವಿದೆ: ನೆಲದಡಿ ಮತ್ತು ಹೊರಗೋಡೆಗೆ ಶಹಾಬಾದ್ ಫರಸಿಯನ್ನು ಪೆಟ್ಟಿಗೆಯಂತೆ ಜೋಡಿಸಿ ಸಂದುಗಳಿಗೆ ಗ್ರೌಟ್ ತುಂಬುವುದು. ನಮ್ಮ ಭಾಗದ ಗೌಂಡಿಗಳಿಗೆ ಕೈಬಂದ ಕೆಲಸ. ಕಟ್ಟಿದ ಮನೆಗೆ ಇದು ಸಾಧ್ಯವಿಲ್ಲ, ಆದ್ದರಿಂದ ಮುಂದಕ್ಕೆ ಹೋಗೋಣ.

ನೀರಿಗೆ ಒಳಗಿನಿಂದಲೇ ದಾರಿ

ಇದನ್ನು ಹೇಳಿದಾಗ ಮನೆಯವರ ಮುಖ ಬಾಡುತ್ತದೆ. ನೀರು ಒಳಗೆ ಬರಲಿ ಎಂದು ಒಪ್ಪಿಕೊಳ್ಳುವುದೇ ಎಂದು ಕೇಳುತ್ತಾರೆ. ಅವರಿಗೊಂದು ಲೆಕ್ಕ ಕೊಡುತ್ತೇನೆ.

ನಿಂತ ನೀರು ಪ್ರತಿ ಮೀಟರ್ ಆಳಕ್ಕೆ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ ಹಾಕುತ್ತದೆ, ಪಕ್ಕಕ್ಕೂ, ಮೇಲಕ್ಕೂ. 12 ಅಡಿಗೆ 15 ಅಡಿಯ ಕೋಣೆ ಎಂದರೆ ಸುಮಾರು 16.7 ಚದರ ಮೀಟರ್. ಹೊರಗಿನ ಅಂತರ್ಜಲ ನಿಮ್ಮ ನೆಲಕ್ಕಿಂತ ಒಂದೇ ಮೀಟರ್ ಮೇಲಿದ್ದರೂ ನೆಲದಡಿಯಿಂದ 16 ಟನ್ನಿಗೂ ಹೆಚ್ಚು ಬಲ ಮೇಲಕ್ಕೆ ತಳ್ಳುತ್ತದೆ. ಸಾಮಾನ್ಯವಾಗಿ ಹಾಕಿರುವ ನಾಲ್ಕು ಇಂಚು ಕಾಂಕ್ರೀಟಿನ ನೆಲದ ತೂಕ ಆ ಕೋಣೆಗೆ ಸುಮಾರು 4 ಟನ್. ಈವರೆಗೆ ಆ ನೆಲ ಎದ್ದು ಒಡೆಯದೆ ಇರುವುದು ನೀರು ಸಂದುಗಳಲ್ಲಿ ಸೋರಿ ಒತ್ತಡ ಕಳೆದುಕೊಳ್ಳುತ್ತಿರುವುದರಿಂದಲೇ. ಎಲ್ಲ ಸಂದು ಮುಚ್ಚಿ ಗೆದ್ದೆವು ಎಂದುಕೊಂಡರೆ ಆ ಬಲವನ್ನು ಪೂರ್ತಿಯಾಗಿ ನೆಲದ ಮೇಲೆ ಎಳೆದುಕೊಂಡಂತೆ. ನೀರನ್ನು ತಡೆಯಲೇಬೇಕಾದರೆ ಗೋಡೆಗೆ ಬೆಸೆದ ಕಬ್ಬಿಣದ ಆರ್‌ಸಿಸಿ ನೆಲ ಬೇಕು, ಅದು ಬೇರೆಯದೇ ಬಜೆಟ್.

ದಾರಿ ಮಾಡಿಕೊಡುವ ವ್ಯವಸ್ಥೆ ಹೀಗೆ. ಗೋಡೆಯ ಒಳಮುಖಕ್ಕೆ ಗುಬುಟುಗಳಿರುವ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ ನಿಲ್ಲಿಸುತ್ತಾರೆ. ಗೋಡೆಗೂ ಹಾಳೆಗೂ ನಡುವೆ ಉಳಿಯುವ ಸಣ್ಣ ಸಂದಿನಲ್ಲಿ ನೀರು ಒತ್ತಡವಿಲ್ಲದೆ ಕೆಳಗಿಳಿಯುತ್ತದೆ. ಗೋಡೆಯ ಬುಡದುದ್ದಕ್ಕೂ ನೆಲದಲ್ಲಿ ಕಾಲುವೆ, ಕಾಲುವೆಯ ತುದಿಗೆ ಕುಣಿ, ಕುಣಿಯಲ್ಲಿ ಫ್ಲೋಟ್ ಸ್ವಿಚ್ಚಿನ ಪಂಪು. ಹಾಳೆಯ ಮುಂದೆ ಸಿಮೆಂಟ್ ಬೋರ್ಡಿನ ಒಳಗೋಡೆ. ಕೋಣೆ ಪ್ರತಿ ಬದಿಗೆ ನಾಲ್ಕಾರು ಇಂಚು ಕಿರಿದಾಗುತ್ತದೆ. ಕಲ್ಲಿನ ಗೋಡೆ ಎಷ್ಟೇ ಅಂಕುಡೊಂಕಾಗಿದ್ದರೂ, ಯಾವ ಗಾರೆಯದಾಗಿದ್ದರೂ ಇದಕ್ಕೆ ಲೆಕ್ಕವಿಲ್ಲ. ಪಕ್ಕದ ಮನೆಗೆ ತಾಗಿದ ಗೋಡೆಯೂ ಆದೀತು.

ದೌರ್ಬಲ್ಯ ಪಂಪಿನಲ್ಲಿದೆ. ಪಂಪು ಬೇಕಾಗುವ ರಾತ್ರಿಯೇ ಮಳೆಗಾಳಿಗೆ ಕರೆಂಟು ಹೋಗುತ್ತದೆ. ಆದ್ದರಿಂದ ಇನ್ವರ್ಟರ್, ಅದರ ಬ್ಯಾಟರಿಗೆ ತಕ್ಕ ಪಂಪು, ಜೊತೆಗೆ ಎರಡನೆಯದೊಂದು ಪಂಪು ಇವನ್ನು ಮೊದಲ ಅಂದಾಜಿನಲ್ಲಿಯೇ ಸೇರಿಸಿ. ಹೊರಹೋಗುವ ಪೈಪನ್ನು ಮಳೆನೀರಿನ ಚರಂಡಿಗೆ ಬಿಡಿ, ಅದಕ್ಕೊಂದು ಹಿಮ್ಮುಖ ತಡೆ ವಾಲ್ವ್ ಇರಲಿ. ಅಂಗಳಕ್ಕೇ ಸುರಿದರೆ ಅದೇ ನೀರು ಮತ್ತೆ ಒಳಬಂದು ಪಂಪು ಸುಮ್ಮನೆ ಗಾಣ ತಿರುಗಿದಂತೆ ತಿರುಗುತ್ತದೆ. ವರ್ಷಕ್ಕೊಮ್ಮೆ, ಮೃಗಶಿರ ಮಳೆಗೆ ಮೊದಲು, ಕಾಲುವೆ ತೊಳೆಸಿ ಒಂದು ಬಕೆಟ್ ನೀರು ಸುರಿದು ಸ್ವಿಚ್ಚು ಏಳುತ್ತದೆಯೇ ನೋಡಬೇಕು. ವರ್ಷಕ್ಕೊಂದು ದಿನ ಇದಕ್ಕೆ ಕೊಡಲಾಗದವರು ಈ ವ್ಯವಸ್ಥೆ ಹಾಕಿಸಬಾರದು.

ಹಾಗಾದರೆ ಯಾರಿಗೆ ಯಾವುದು

ಟಿಳಕವಾಡಿಯ ಹಳೆಯ ಕಲ್ಲಿನ ಬಂಗಲೆ, ಸುತ್ತ ಅಂಗಳ, ಇಳಿಜಾರು ನಿವೇಶನ: ಹೊರಗಿನ ಕಾಲುವೆ ಪೈಪಿಗೆ ಹಣ ಹಾಕಿ, ಒಳಗೆ ಸುಣ್ಣದ ಗಿಲಾವು. ಅದೇ ಗೋಡೆ ಇಕ್ಕಟ್ಟಿನ ಓಣಿಯಲ್ಲಿದ್ದರೆ ಒಳಗಿನ ಹಾಳೆ ಮತ್ತು ಪಂಪು, ಬೇರೆ ದಾರಿಯಿಲ್ಲ. ಆರ್‌ಸಿಸಿ ನೆಲ, ಆರ್‌ಸಿಸಿ ಗೋಡೆಯ ಕಟ್ಟಡವಾದರೆ ಸೋರುವ ಸಂದುಗಳಿಗೆ ಇಂಜೆಕ್ಷನ್, ಆಮೇಲೆ ಸ್ಫಟಿಕ ಲೇಪನ. ವಿಜಯಪುರದ ಎರೆ ನೆಲದಲ್ಲಿ ಅಂಗಳದ ಕೆಲಸ, ಗೋಡೆಯ ಹೊರಗೆ ಗರಸು ತುಂಬಿಸುವುದು, ಲೇಪನ ಬೇಕೆಂದರೆ ಹೊರಮುಖಕ್ಕೆ ಬಾಗುವ ಬಗೆಯದು. ಆಲಮಟ್ಟಿ ಹಿನ್ನೀರಿನ ಅಂಚಿನವರಿಗೆ ನೀರು ತಿಂಗಳುಗಟ್ಟಲೆ ನಿಲ್ಲುವುದರಿಂದ ಪಂಪು ಬಿಡುವಿಲ್ಲದೆ ಓಡಬೇಕಾದೀತು. ಅವರು ನೆಲಮಾಳಿಗೆಯನ್ನು ಸಾಮಾನು ಇಡಲು ಬಿಟ್ಟು ಮೇಲೊಂದು ಕೋಣೆ ಕಟ್ಟಿಸಿಕೊಂಡರೆ ಅಗ್ಗವೂ ಹೌದು, ಸುಖವೂ ಹೌದು.

ಕೆಲಸಕ್ಕೆ ಫೆಬ್ರವರಿಯಿಂದ ಮೇ ಮಧ್ಯದವರೆಗಿನ ಕಾಲ ಸರಿ. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ತೇವದ ಗುರುತುಗಳಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ದಿನಾಂಕ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಿರಬೇಕು. ಬೇಸಿಗೆಯಲ್ಲಿ ಬಂದು ನೋಡುವ ಗುತ್ತಿಗೆದಾರನಿಗೆ ಗೋಡೆ ಒಣಗಿಯೇ ಕಾಣುತ್ತದೆ. ಕೆಲಸ ಮುಗಿದ ಮೇಲೆ ಒಳಾಂಗಣಕ್ಕೆ ಕೈಹಾಕುವ ಮುನ್ನ ಇನ್ನೊಂದು ಮಳೆಗಾಲ ಕಾಯಬೇಕು ಎಂದರೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕಾಯಲಾಗದಿದ್ದರೆ ಕಪಾಟುಗಳನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸಿ, ಜಿಪ್ಸಂ ಬೋರ್ಡು, ಮರದ ನೆಲಹಾಸು ಬೇಡ, ವಿದ್ಯುತ್ ಪಾಯಿಂಟುಗಳು ನೆಲದಿಂದ ಮೂರು ಅಡಿ ಮೇಲಿರಲಿ.

ಗ್ಯಾರಂಟಿ ಪತ್ರವನ್ನು ಓದುವಾಗ ವರ್ಷಗಳ ಸಂಖ್ಯೆಗಿಂತ ಅದರೊಳಗಿನ ಷರತ್ತು ಮುಖ್ಯ. ಬಳಿದ ವಸ್ತುವಿಗೆ ಮಾತ್ರ ಗ್ಯಾರಂಟಿಯೋ, ಸೋರಿದರೆ ಬಂದು ಸರಿಪಡಿಸುವ ಕೂಲಿಗೂ ಇದೆಯೋ, ಮುಂದಿರುವ ಟೈಲ್ಸ್, ಕಪಾಟು ಕಿತ್ತು ಮತ್ತೆ ಕೂರಿಸುವ ಖರ್ಚು ಯಾರದು, ಬರವಣಿಗೆಯಲ್ಲಿ ಕೇಳಿ. ಕೊನೆಯ ಹತ್ತು ಶೇಕಡ ಹಣವನ್ನು ಜುಲೈ ಮುಗಿಯುವವರೆಗೆ ತಡೆಹಿಡಿಯುವ ಕರಾರಿಗೆ ಒಪ್ಪುವ ಗುತ್ತಿಗೆದಾರ ಸಿಕ್ಕರೆ ಅವನ ದರ ಸ್ವಲ್ಪ ಹೆಚ್ಚಿದ್ದರೂ ಚೌಕಾಸಿ ಮಾಡಬೇಡಿ. ಮತ್ತೊಂದು: ಮಂಜೂರಾದ ನಕ್ಷೆಯಲ್ಲಿ ನೆಲಮಾಳಿಗೆಯನ್ನು ಪಾರ್ಕಿಂಗ್ ಅಥವಾ ಉಗ್ರಾಣ ಎಂದು ತೋರಿಸಿದ್ದರೆ ಅದನ್ನು ತರಗತಿಯೋ ಅಂಗಡಿಯೋ ಮಾಡುವ ಮೊದಲು ಪಾಲಿಕೆಯ ನಗರ ಯೋಜನೆ ವಿಭಾಗದಲ್ಲಿ ವಿಚಾರಿಸಿ. ಆ ಉತ್ತರ ಬರುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.